ಕಮಲಕ್ಕನ ಮೇಲೆ ಹೊರಿಸಿದ ಮಾತು

ಅತ್ತೆ, ಕಣದ ವಿಷಯವನ್ನು ಸಿನಿಮಾದವರಿಗೆ ಹೇಳಿದ್ದು ಕಮಲಕ್ಕ ಅಲ್ಲ. ನಾನು.

ಇಷ್ಟು ಬರೆಯಲು ಎರಡು ವರ್ಷ ಹಿಡಿಯಿತು. ಬರೆದ ಮೇಲೂ ಇದು ಪೂರ್ತಿ ನಿಜವಲ್ಲ — ನಾನು ಹೇಳಿದ್ದಷ್ಟೇ ಅಲ್ಲ, ಮಾಡಿ ತೋರಿಸಿದೆ. ಆಮೇಲೆ ನೀವು ಕೇಳಿದಾಗ ಇನ್ನೊಬ್ಬರ ಹೆಸರು ಹೇಳಿದೆ. ಎಲ್ಲವನ್ನೂ ಬರೆಯುತ್ತೇನೆ. ಮಧ್ಯೆ ನಿಲ್ಲಿಸಿದರೆ ಮತ್ತೆ ಬರೆಯಲಾರೆ.

ಆ ಕೆಲಸಕ್ಕೆ ನನ್ನನ್ನು ಕರೆದದ್ದು ಭಾಷೆಗಾಗಿ. ಅಪ್ಪ, ಮಾವ ಎಲ್ಲ ಚಿಕ್ಕವರಿದ್ದಾಗ ಹೆದರಿಕೊಂಡು ನೋಡಿದ ದೆವ್ವದ ಮನೆಯ ಸಿನಿಮಾವನ್ನೇ ಹೊಸದಾಗಿ ತೆಗೆಯುತ್ತಿದ್ದರು. ಹಳೆಯದರಲ್ಲಿ ಆ ಮನೆ ಹೆಸರಿಲ್ಲದ ಯಾವುದೋ ಊರಿನಲ್ಲಿತ್ತು. ಹೊಸದರಲ್ಲಿ ಹೆಗ್ಗದ್ದೆಯ ಮೇಲಿನ ಎಸ್ಟೇಟ್ ಬಂಗಲೆಗೆ ಬಂತು. ಪಾತ್ರಗಳ ಮಾತು ಈ ಕಡೆಯದಾಗಿ ಕೇಳಬೇಕು, ತಿದ್ದಲು ಒಬ್ಬರು ಬೇಕು. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ಕೂತಿದ್ದ ನನಗೆ ಅದು ಮೊದಲ ಕೆಲಸ. ಬಂಗಲೆ ಹತ್ತಿರವೆಂದು ನಿಮ್ಮ ಮನೆಯಲ್ಲೇ ಉಳಿದೆ. ಬೆಳಿಗ್ಗೆ ನಿಮ್ಮ ಕೈಯ ಅಕ್ಕಿರೊಟ್ಟಿ ತಿಂದು ಅಲ್ಲಿಗೆ ಹೋಗುತ್ತಿದ್ದೆ. ಚಿತ್ರೀಕರಣ ಮುಗಿಯುವವರೆಗೆ ಅಡುಗೆಗೆ ಜನ ಬೇಕೆಂದಾಗ, ಮೊದಲಿಂದಲೂ ನಿಮ್ಮಲ್ಲೇ ಕೆಲಸಕ್ಕಿದ್ದ ಕಮಲಕ್ಕನನ್ನು ಕಳಿಸಿಕೊಟ್ಟವರೂ ನೀವೇ.

ಚಿತ್ರೀಕರಣ ಶುರುವಾಗುವ ಮುಂಚೆ ಬಂಗಲೆಯ ಹಜಾರದಲ್ಲಿ ಕೂತು ಕಥೆ ಓದುತ್ತಿದ್ದರು. ಮೂರು ದಿನ ನಾನು ಬಾಯಿ ಬಿಟ್ಟಿದ್ದು ‘ಇದೆ’ ಅಲ್ಲ, ‘ಐತೆ’ ಎನ್ನುವುದಕ್ಕೆ ಮಾತ್ರ. ನಾಲ್ಕನೆಯ ದಿನ ನಿರ್ದೇಶಕರು ಹಾಳೆಗಳನ್ನು ಬದಿಗೆ ಸರಿಸಿದರು. ಕೂದಲು ಬಿಟ್ಟುಕೊಂಡು ಬಾಗಿಲಲ್ಲಿ ನಿಲ್ಲುವ ದೆವ್ವಕ್ಕೆ ಈಗ ಯಾರೂ ಹೆದರುವುದಿಲ್ಲ ಎಂದರು. ಅದು ಮಗುವನ್ನು ಕಳೆದುಕೊಂಡ ತಾಯಿಯ ದೆವ್ವ. ಅಂಥ ತಾಯಿ ನಿಜವಾಗಿ ಏನು ಮಾಡುತ್ತಾಳೆ ಎಂದು ಎಲ್ಲರನ್ನೂ ಕೇಳಿದರು.

ನನಗೆ ಗೊತ್ತಿತ್ತು.

ಹನ್ನೊಂದು ವರ್ಷದವಳಿದ್ದಾಗ ರಜೆಗೆ ಬಂದು, ಕಾಫಿ ಸ್ಟೋರಿನ ಕಿಟಕಿಯಿಂದ ನಿಮ್ಮನ್ನು ನೋಡಿದ್ದೆ. ಕಣದಲ್ಲಿ ಒಣಗಲು ಹಾಕಿದ ಕಾಫಿಹಣ್ಣನ್ನು ನೀವು ಕಾಲೆಳೆದು ನಡೆಯುತ್ತ ತಿರುವಿ ಹಾಕುತ್ತಿದ್ದಿರಿ, ಎಲ್ಲರೂ ಮಾಡುವ ಹಾಗೆ, ಒಂದರ ಪಕ್ಕ ಒಂದು ಉದ್ದನೆಯ ಸಾಲು. ಕೊನೆಯ ಸಾಲು ಮುಗಿದ ಮೇಲೆ ಹಿಂದಿರುಗಿದಿರಿ. ಸೀರೆ ಎತ್ತಿ ಹಿಡಿದು, ಪಾದಗಳನ್ನು ಜೋಡಿಸಿಕೊಂಡು, ಪುಟ್ಟ ಪುಟ್ಟ ಹೆಜ್ಜೆಯಲ್ಲಿ ದೊಡ್ಡ ಸಾಲುಗಳ ನಡುವೆ ಸಣ್ಣ ಸಾಲು ಎಳೆದಿರಿ. ನಿಮ್ಮ ಶ್ರುತಿ ಬದುಕಿದ್ದಾಗ ಹಾಗೆ ಎಳೆಯುತ್ತಿದ್ದಳು, ನಿಮ್ಮ ಸೆರಗು ಹಿಡಿದು, ನಿಮ್ಮ ಹಿಂದೆ. ನನ್ನ ವಾರಿಗೆಯವಳು ಅವಳು. ಮಿದುಳು ಜ್ವರದಲ್ಲಿ ಹೋದಾಗ ನಮಗೆ ಐದು ವರ್ಷ. ಕಣದ ಅಂಚು ಮುಟ್ಟಿದ ಮೇಲೆ ನೀವು ಮೆಲ್ಲಗೆ ಅಂದಿರಿ — “ಸಾಕು ಬಾ ಮಗ, ಕಾಲ್ ಸುಡ್ತೈತೆ.”

ಕಮಲಕ್ಕ ಆ ಹೊತ್ತಿನಲ್ಲಿ ನಿಮಗೆ ಬೆನ್ನು ಹಾಕಿ ನಿಂತಿದ್ದರು. ಉಳಿದ ಆಳುಗಳನ್ನು ತೋಟದ ಇನ್ನೊಂದು ಬದಿಗೆ ಕಳಿಸಿಬಿಟ್ಟಿದ್ದರು. ಇದು ದಿನವೂ ನಡೆಯುತ್ತದೆ ಎಂದು ನನಗೆ ಅದರಿಂದಲೇ ತಿಳಿದದ್ದು.

ನೀವು ನನ್ನನ್ನು ಕಂಡಿರಿ. ಬೈಯಲಿಲ್ಲ. ಕಿಟಕಿಯ ಹತ್ತಿರ ಬಂದು, “ಯಾರ್ಗೂ ಹೇಳ್‌ಬ್ಯಾಡ ಕಣವ್ವ. ನಿಮ್ ಮಾವಂಗೂ. ಹುಚ್ಚಿ ಅಂದ್ಬುಡ್ತಾರೆ,” ಅಂದಿರಿ. ನಾನು ತಲೆಯಾಡಿಸಿದೆ. ಹದಿನಾಲ್ಕು ವರ್ಷ ಹೇಳಲಿಲ್ಲ.

ಆ ಹಜಾರದಲ್ಲಿ ಹೇಳಿದೆ. ನನ್ನ ಮಾತು ಮುಗಿದಾಗ ನಿರ್ದೇಶಕರು “ಇದೇ” ಎಂದರು. ನಟಿಗೆ ಆ ನಡಿಗೆ ಅರ್ಥವಾಗಲಿಲ್ಲ. ಹೇಗೆ ಎಂದು ಕೇಳಿದಳು. ನಾನು ಎದ್ದು ಚಪ್ಪಲಿ ಬಿಟ್ಟು ನಡೆದು ತೋರಿಸಿದೆ. ನಿಮ್ಮ ಆ ಮಾತನ್ನೂ ಕೊಟ್ಟೆ. ತಿದ್ದುವುದು ನನ್ನ ಕೆಲಸವಲ್ಲವೇ — ‘ಸುಡ್ತೈತೆ’ ಎಂಬುದು ನಿಮ್ಮ ಬಾಯಲ್ಲಿ ಹೇಗೆ ಬರುತ್ತದೋ ಹಾಗೇ ಬರುವವರೆಗೆ ಅವಳಿಂದ ಹೇಳಿಸಿದೆ. ಅತ್ತೆ, ಆ ಹೊತ್ತಿನಲ್ಲಿ ನನಗೆ ಸಂತೋಷವಾಗಿತ್ತು. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದೂ ಪ್ರಯೋಜನವಿಲ್ಲ. ನನ್ನ ಮಾತನ್ನು ಅಷ್ಟು ಜನ ಕೇಳಿದ್ದು ಅದೇ ಮೊದಲು.

ಸಂಜೆ ಮನೆಗೆ ಬಂದಾಗ ಇವತ್ತೇನು ಕೆಲಸ ಮಾಡಿದೆ ಎಂದು ನೀವು ಕೇಳಿದಿರಿ. ಮಾತು ತಿದ್ದಿದೆ ಎಂದೆ.

ಸಿನಿಮಾ ಬಿಡುಗಡೆಯಾದಾಗ ಜನಕ್ಕೆ ಅದು ಹಿಡಿಸಲಿಲ್ಲ. ಹಳೆಯದರಲ್ಲಿ ಮುಚ್ಚಿದ ಬಾಗಿಲೊಂದೇ ಸಾಕಾಗಿತ್ತು, ಇಲ್ಲಿ ಬಾಗಿಲು ಹತ್ತೇ ನಿಮಿಷಕ್ಕೆ ತೆರೆದುಬಿಟ್ಟರು ಎಂದರು. ಬರೀ ಸದ್ದು ಎಂದರು. ಹಳೆಯ ಸಿನಿಮಾವನ್ನು ಹಾಳು ಮಾಡಿದರೆಂದು ಸಿಟ್ಟಾದವರೂ ಇದ್ದರು. ಆದರೆ ಬೈದವರೂ ಒಂದು ದೃಶ್ಯವನ್ನು ಬಿಟ್ಟು ಬೈದರು — ಕಾಫಿ ಕಣದ ದೃಶ್ಯ. ಇಡೀ ಚಿತ್ರದಲ್ಲಿ ಜೀವವಿರುವುದು ಅದೊಂದಕ್ಕೇ ಎಂದು ಒಂದು ಪತ್ರಿಕೆಯಲ್ಲಿ ಬರೆದಿದ್ದರು. ಅದನ್ನು ಕತ್ತರಿಸಿ ಇಟ್ಟುಕೊಂಡೆ. ಒಂದು ವಾರಕ್ಕೆ ಅದೇ ದೃಶ್ಯ ತಮಾಷೆಯಾಯಿತು. ಹಾಸ್ಟೆಲಿನ ಹುಡುಗಿಯರು, ಮದುವೆ ಮನೆಯ ಹುಡುಗರು, ಎಲ್ಲರೂ ಕಾಲೆಳೆದುಕೊಂಡು ನಡೆದು ಫೋನಿನಲ್ಲಿ ಹಾಕತೊಡಗಿದರು. ಕೊನೆಯಲ್ಲಿ ಎಲ್ಲರ ಬಾಯಲ್ಲೂ ಆ ಮಾತು. ಹುಚ್ಚಿ ದೆವ್ವ ಎಂದು ಅದಕ್ಕೆ ಹೆಸರು ಬಿತ್ತು.

ನೀವು ಅದನ್ನೆಲ್ಲ ನೋಡಿರಲಿಲ್ಲ. ಪರದೆಯ ಮೇಲೆ ನನ್ನ ಹೆಸರು ಬರುತ್ತದೆ ಎಂಬುದಷ್ಟೇ ನಿಮಗೂ ಮಾವನಿಗೂ ಗೊತ್ತಿದ್ದದ್ದು. ನೋಡಲೇಬೇಕು ಎಂದಿರಿ. ಬೇಡ, ಚೆನ್ನಾಗಿಲ್ಲ ಎಂದು ಎರಡು ಸಲ ಹೇಳಿದೆ. ಮೂರನೆಯ ಸಲ ಹೇಳಬೇಕಿತ್ತು — ಯಾಕೆ ಬೇಡ ಎಂದೂ ಹೇಳಬೇಕಿತ್ತು. ಹೇಳದೆ ನಿಮ್ಮ ಜೊತೆ ಹಾಸನಕ್ಕೆ ಹೊರಟೆ.

ಮಧ್ಯಾಹ್ನದ ಆಟ. ಆ ದೃಶ್ಯ ಬರುವುದಕ್ಕೆ ಮುಂಚೆಯೇ ಮುಂದಿನ ಸಾಲಿನ ಹುಡುಗರು ಚಪ್ಪಲಿಯನ್ನು ನೆಲಕ್ಕೆ ಉಜ್ಜಲು ಶುರು ಮಾಡಿದರು. ಹಿಂದಿನಿಂದಲೂ ಸೇರಿತು. ನಟಿ ಬಾಯಿ ತೆರೆಯುವ ಮೊದಲೇ ಥಿಯೇಟರಿನಲ್ಲಿ ಅರ್ಧ ಜನ ಆ ಮಾತನ್ನು ರಾಗವಾಗಿ ಹೇಳಿ ನಕ್ಕರು. ನಾನು ಪರದೆಯನ್ನು ನೋಡಲಿಲ್ಲ. ನೀವು ಎರಡೂ ಪಾದ ಮೇಲೆತ್ತಿ, ಸೀಟಿನ ಮೇಲೆ ಸೀರೆಯೊಳಗೆ ಮುಚ್ಚಿಕೊಂಡಿರಿ. ಸಿನಿಮಾ ಮುಗಿಯುವವರೆಗೂ ಕೆಳಗಿಳಿಸಲಿಲ್ಲ.

ದಾರಿಯುದ್ದಕ್ಕೂ ಮಾತಾಡಿದ್ದು ಮಾವ ಒಬ್ಬರೇ. “ಹಳೇದ್ ನೋಡಿ ಮೂರ್ ದಿನ ಹಿತ್ಲಿಗ್ ಹೋಗಿರ್ಲಿಲ್ಲ ನಾನು. ಇದ್ರಲ್ಲಿ ದೆವ್ವಕ್ಕೇ ತೂಕಡ್ಕೆ ಕಣೆ ಮಾರಾಯ್ತಿ,” ಎಂದು ನನ್ನನ್ನು ರೇಗಿಸಿದರು. “ಆ ಕಾಫಿ ತುಳಿಯೋ ದೆವ್ವ ಒಂದ್ ಪರ್ವಾಗಿಲ್ಲ. ನಮ್ ಕಣಕ್ ಕರ್ಕಂಡ್ ಬಂದ್ರೆ ಒಂದ್ ಆಳ್ ಉಳೀತದೆ.” ಅವರಿಗೇನು ಗೊತ್ತು.

ದೋಣಿಗಲ್ ಹತ್ತಿರ ಲಾರಿಗಳು ಸಾಲಾಗಿ ನಿಂತಿದ್ದವು. ಎಷ್ಟು ಹೊತ್ತಾಗುತ್ತದೋ ವಿಚಾರಿಸಲು ಮಾವ ಇಳಿದು ಹೋದರು. ಜೀಪಿನಲ್ಲಿ ನಾವಿಬ್ಬರೇ ಉಳಿದೆವು. ನೀವು ಮುಂದಿನ ಗಾಜನ್ನೇ ನೋಡುತ್ತ ಕೇಳಿದಿರಿ: “ಅವ್ರಿಗ್ ಯಾರ್ ಹೇಳಿದ್ದು?”

ನಾನು ಅಂದೆ: “ಗೊತ್ತಿಲ್ಲ ಅತ್ತೆ. ಕಮಲಕ್ಕ ದಿನಾ ಅವ್ರ ಜೊತೆ ಮಾತಾಡ್ತಾ ಕೂತಿರ್ತಿದ್ರು.”

ಎರಡನೆಯ ವಾಕ್ಯ ಸುಳ್ಳಲ್ಲ. ಕಮಲಕ್ಕ ಎಲ್ಲರ ಜೊತೆಯೂ ಮಾತಾಡುವವರು. ಆ ನಿಜವನ್ನು ನಾನು ಅಷ್ಟು ಲೆಕ್ಕ ಹಾಕಿ ಬಳಸಿದೆ, ಅರೆಕ್ಷಣದಲ್ಲಿ — ಅದೇ ನನಗೆ ಈಗಲೂ ಭಯ ಹುಟ್ಟಿಸುವುದು. ನೀವು “ಹೂಂ” ಎಂದಿರಿ. ನನ್ನ ಮೇಲೆ ನಿಮಗೆ ಅನುಮಾನವೇ ಬರಲಿಲ್ಲ. ನಿಮ್ಮನ್ನು ಬಿಟ್ಟರೆ ಗೊತ್ತಿದ್ದವರು ಕಮಲಕ್ಕ, ನಾನು ಇಬ್ಬರೇ, ಆದರೂ ಬರಲಿಲ್ಲ. ಶ್ರುತಿ ಇದ್ದಿದ್ದರೆ ಈಗ ಹೀಗಿರುತ್ತಿದ್ದಳು ಎಂದು ನನ್ನನ್ನು ನೋಡುವವರು ನೀವು.

ಮಾರನೆಯ ವಾರ ಕಮಲಕ್ಕನಿಗೆ ಇನ್ನು ಕೆಲಸಕ್ಕೆ ಬರುವುದು ಬೇಡ ಎಂದಿರಿ. ಕಾರಣ ಹೇಳಲಿಲ್ಲ. ಶ್ರುತಿಗೆ ಕೊನೆಯ ಸ್ನಾನ ಮಾಡಿಸಿದ್ದು ಅವರ ಕೈ. ನಿಮ್ಮ ಕೈ ಏಳದೆ ಇದ್ದಾಗ. ಆ ವರ್ಷದ ಕಾಫಿಯನ್ನು ನೀವು ಕೋಲಿಗೆ ಹಲಗೆ ಬಡಿಸಿ ಆಳುಗಳಿಂದ ತಿರುವಿಸಿದಿರಿ. ಕಣಕ್ಕೆ ಇಳಿಯಲೇ ಇಲ್ಲ. ಮಾವ ಫೋನಿನಲ್ಲಿ, ನಿಮ್ಮತ್ತೆಗೆ ಮಂಡಿನೋವಿರಬೇಕು ಎಂದರು.

ಮೇ ತಿಂಗಳಲ್ಲಿ ಮಗ್ಗೆಯಲ್ಲಿ ಕಮಲಕ್ಕನ ಮಗಳು ಆಶಾಳ ಮದುವೆ. ಧಾರೆ ಸೀರೆ ನನ್ನದು ಎಂದು ಅವಳು ಹೈಸ್ಕೂಲಿನಲ್ಲಿದ್ದಾಗಲೇ ನೀವು ಮಾತು ಕೊಟ್ಟಿದ್ದಿರಿ. ಕೊಂಡೂ ಇಟ್ಟಿದ್ದಿರಿ, ನಿಮ್ಮ ಬೀರುವಿನಲ್ಲಿ ನಾನೇ ನೋಡಿದ್ದೇನೆ. ನೀವು ಹೋಗಲಿಲ್ಲ. ನಾನು ಹೋದೆ. ಮುಹೂರ್ತ ಹತ್ತಿರ ಬರುವವರೆಗೂ ಕಮಲಕ್ಕ ರಸ್ತೆಯ ಕಡೆಗೇ ನೋಡುತ್ತಿದ್ದರು. ಆಮೇಲೆ ಹುಡುಗಿ ಬೇರೆ ಸೀರೆ ಉಟ್ಟು ಧಾರೆಗೆ ಕೂತಳು.

ಊಟವಾಗಿ ಕೈ ತೊಳೆಯುವಲ್ಲಿ ಅವರು ನನ್ನ ಪಕ್ಕ ಬಂದರು. ನಾನು ಏನೋ ಹೇಳಲು ಹೊರಟೆ. ಅವರೇ ತಡೆದರು. ಬಂಗಲೆಯ ಹಜಾರದಲ್ಲಿ ನಾನು ನಡೆದು ತೋರಿಸಿದ್ದನ್ನು ಅಡುಗೆಮನೆಯ ಬಾಗಿಲಿಂದ ನೋಡಿದ್ದರಂತೆ. ಮತ್ತೆ ಯಾಕೆ ಅತ್ತೆಗೆ ಹೇಳಲಿಲ್ಲ ಎಂದೆ.

“ಅಮ್ಮೋರು ಕೇಳ್ಲೇ ಇಲ್ವಲ್ಲ,” ಅಂದರು. ಸೆರಗಿಗೆ ಕೈ ಒರೆಸಿಕೊಳ್ಳುತ್ತ, “ಕೇಳಿದ್ರೂ ಹೇಳ್ತಿದ್ನೋ ಇಲ್ವೋ. ಅವ್ರಿಗ್ ಈಗ ಮಗಳು ಅಂತ ಇರೋಳು ನೀನೊಬ್ಳು. ನಿನ್ನೂ ಕಳ್ಕಳದ್ ಬ್ಯಾಡ ಅಂತ,” ಅಂದರು. ಎಲೆ ಅಡಿಕೆ ತೆಗೆದುಕೊಳ್ಳದೆ ಹೋಗಬೇಡ ಎಂದೂ ಹೇಳಿದರು.

ಎಲೆ ಅಡಿಕೆ ತೆಗೆದುಕೊಂಡು ಬಂದೆ. ಅದಾಗಿ ಎಂಟು ತಿಂಗಳು. ಅಷ್ಟು ತಿಂಗಳೂ ಅವರ ಮಾತಿನ ಮರೆಯಲ್ಲಿ ನಿಂತೆ — ನಿಮಗೆ ನಾನು ಬೇಕು, ಅದಕ್ಕೇ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡು. ನಿಮಗೆ ಬೇಕಾಗಿದ್ದದ್ದು ಕಮಲಕ್ಕ. ನೀವು ನಡೆಯುವಾಗ ಬೆನ್ನು ಹಾಕಿ ನಿಲ್ಲಲು ತಿಳಿದಿದ್ದವರು ಅವರೊಬ್ಬರೇ.

ಕ್ಷಮಿಸಿ ಎಂದು ಬರೆದು ಹೊಡೆದು ಹಾಕಿದೆ. ಅದು ನಾನು ಕೇಳುವಂಥದ್ದಲ್ಲ. ಮಾವನಿಗೆ ಏನು ಹೇಳಬೇಕು, ಹೇಳಬೇಕೋ ಬೇಡವೋ, ಎಲ್ಲ ನಿಮಗೆ ಬಿಟ್ಟದ್ದು. ಕಣದ ಮಾತು ನನ್ನ ಬಾಯಿಂದ ಇನ್ನು ಬರುವುದಿಲ್ಲ.

ಕಮಲಕ್ಕ ಈಗ ಮಗ್ಗೆಯಲ್ಲಿ ಮಗಳ ಮನೆಯಲ್ಲೇ ಇದ್ದಾರೆ. ಬರುವ ಬುಧವಾರ ಬೆಳಿಗ್ಗೆ ನಾನು ಸಕಲೇಶಪುರದ ಬಸ್ ನಿಲ್ದಾಣದಲ್ಲಿರುತ್ತೇನೆ. ನೀವು ಬಂದರೆ ನಿಮ್ಮನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗಿ ಗೇಟಿನಲ್ಲೇ ನಿಲ್ಲುತ್ತೇನೆ, ಒಳಗೆ ಬರುವುದಿಲ್ಲ. ಬರದಿದ್ದರೆ ಒಬ್ಬಳೇ ಹೋಗಿ, ಅತ್ತೆಗೆ ಈಗ ನಿಜ ಗೊತ್ತು ಎಂದು ಅವರಿಗೆ ಹೇಳಿ ವಾಪಸಾಗುತ್ತೇನೆ. ಆಮೇಲೆ ನೀವು ಕರೆಯುವವರೆಗೆ ಮನೆಗೆ ಬರುವುದಿಲ್ಲ. ನನ್ನನ್ನು ಕರೆಯದಿದ್ದರೂ ಸರಿ, ಅವರನ್ನು ಕರೆಯಿರಿ.