ನೋಡದೆ ಹಾಕಿದ ಐದು ಗುರುತು

2000ನೇ ಇಸವಿಯಲ್ಲಿ ನಾನು ಹೇವರ್ಡ್‌ನ ಒಂದು ಸಣ್ಣ ಬಂದೂಕು ವರ್ಕ್‌ಶಾಪಿನಲ್ಲಿ ಹಿರಿಯ ಮೆಷಿನಿಸ್ಟ್ ಆಗಿದ್ದೆ. ಬೇ ಏರಿಯಾದ ಕನ್ನಡ ಬಳಗವೆಲ್ಲ ಸ್ಟಾಕ್ ಆಪ್ಷನ್ನಿನ ಮಾತಿನಲ್ಲಿ ಮುಳುಗಿದ್ದ ಕಾಲವದು. ಹಾಸನ ಸೀಮೆಯ ಕಮ್ಮಾರರ ಮನೆಯವನಾದ ನಾನು ಮಾತ್ರ ಇಲ್ಲಿಗೆ ಬಂದೂ ಲೇತಿನ ಮುಂದೆಯೇ ನಿಂತಿದ್ದೆ. ಬಳಗದ ಪಾಟ್‌ಲಕ್ ಊಟದಲ್ಲಿ ಯಾರಾದರೂ ಯಾವ ಕಂಪನಿ ಎಂದು ಕೇಳಿದರೆ "ಮ್ಯಾನುಫ್ಯಾಕ್ಚರಿಂಗು" ಎಂದು ಹಾರಿಕೆಯ ಉತ್ತರ ಕೊಟ್ಟು ಚಿತ್ರಾನ್ನದ ಕಡೆ ಸರಿಯುತ್ತಿದ್ದೆ.

ನನ್ನ ಕೆಲಸವನ್ನು ಹೊಗಳಿಕೊಂಡು ಓಡಾಡುತ್ತಿದ್ದ ಕನ್ನಡಿಗ ಒಬ್ಬನೇ, ಪ್ಲೆಸೆಂಟನ್ನಿನ ಜಯರಾಮ. ಮಂಡ್ಯ ಕಡೆಯವನು, ನೆಟ್‌ವರ್ಕ್ ಎಂಜಿನಿಯರು. ಕಾಡುಹಂದಿ ಬೇಟೆಯ ಹುಚ್ಚು ಹತ್ತಿತ್ತು. ಆಗಸ್ಟಿನಲ್ಲಿ ಒಂದು ಸಿಂಗಲ್ ಆ್ಯಕ್ಷನ್ ರಿವಾಲ್ವರ್ ತಂದುಕೊಟ್ಟ. ಪ್ರತಿ ಗುಂಡಿಗೂ ಹೆಬ್ಬೆರಳಿನಿಂದ ಹ್ಯಾಮರ್ ಎಳೆಯಬೇಕಾದ ಹಳೇ ಮಾದರಿಯದು. ಹಾಗೆ ಎಳೆದಾಗ ಸಿಲಿಂಡರ್ ತಿರುಗಿ, ಮುಂದಿನ ತೋಟಾ ಇರುವ ಗೂಡು ಬ್ಯಾರೆಲ್ಲಿನ ನೇರಕ್ಕೆ ಬಂದು ಕಚ್ಚಿಕೊಳ್ಳುತ್ತದೆ. ಅವನಿಗೆ ದಪ್ಪ ಹಂದಿಯನ್ನು ಕೆಡವುವಷ್ಟು ಬಲವಾದ ತೋಟಾ ಹಾರಿಸಬೇಕಿತ್ತು. ಅದರಲ್ಲಿದ್ದ ಆರು ಗೂಡಿನ ಸಿಲಿಂಡರಿನ ಗೋಡೆ ಆ ಒತ್ತಡ ತಡೆಯಲಾರದಷ್ಟು ತೆಳುವಾಗಿತ್ತು. ಐದೇ ಗೂಡಿನ ಹೊಸ ಸಿಲಿಂಡರನ್ನು ನಾನೇ ಕೊರೆದು ಕೂಡಿಸಿದೆ. ಏಳು ವಾರ ಹಿಡಿಯಿತು. ಅಂಥ ಅಚ್ಚುಕಟ್ಟಾದ ಕೆಲಸವನ್ನು ನಾನು ಅದಕ್ಕೆ ಮುಂಚೆ ಮಾಡಿರಲಿಲ್ಲ.

ಈ ಕೆಲಸದಲ್ಲಿ ಕೊನೆಯ ಪರೀಕ್ಷೆ ಒಂದಿದೆ. ಬ್ಯಾರೆಲ್ಲಿನ ಬಾಯಿಂದ ಅಳತೆಯ ಉಕ್ಕಿನ ಸರಳನ್ನು ಇಳಿಬಿಡಬೇಕು. ಅದು ಐದೂ ಗೂಡುಗಳೊಳಗೆ ತಡೆಯಿಲ್ಲದೆ ಇಳಿಯಬೇಕು. ಎಲ್ಲಾದರೂ ತಡೆದರೆ ಆ ಗೂಡು ನೇರಕ್ಕಿಲ್ಲ ಎಂದರ್ಥ. ಆಗ ಗುಂಡು ಬ್ಯಾರೆಲ್ಲಿನ ಅಂಚಿಗೆ ಉಜ್ಜಿ, ಸೀಸದ ಚೂರು ಪಕ್ಕಕ್ಕೆ ಸಿಡಿಯುತ್ತದೆ. ಕೊನೆಯ ಸಲ ನೋಡಿದ ಮೇಲೆ, ಆ ಕೆಲಸದ ಕಾರ್ಡಿನಲ್ಲಿ ಒಂದೊಂದು ಗೂಡಿಗೂ ಒಂದೊಂದು ಗುರುತು ಹಾಕಬೇಕು. ಗುರುವಾರ ಸರಳು ಹಾಕಿ ನೋಡಿದ್ದೆ, ಐದೂ ಸರಿಯಿದ್ದವು. ಶುಕ್ರವಾರ ಬೆಳಿಗ್ಗೆ ಸಿಲಿಂಡರ್ ಕಚ್ಚಿಕೊಳ್ಳುವಾಗ ಕೊಂಚ ಬಿಗಿ ಅನ್ನಿಸಿತು. ಅದನ್ನು ಕಚ್ಚಿ ಹಿಡಿಯುವ ಉಕ್ಕಿನ ತುಂಡನ್ನು ಎಣ್ಣೆ ಹಚ್ಚಿದ ಸಾಣೆಕಲ್ಲಿನಲ್ಲಿ ಎರಡೇ ಸಲ ಉಜ್ಜಿದೆ. ಹೀಗೆ ಮುಟ್ಟಿದ ಮೇಲೆ ಐದನ್ನೂ ಮತ್ತೆ ನೋಡಲೇಬೇಕು. ಸೋಮವಾರ ತಾನೇ ಕೊಡುವುದು, ನಾಳೆ ನೋಡಿದರಾಯಿತು ಎಂದುಕೊಂಡೆ.

ಏಕೆಂದರೆ ಆ ಶುಕ್ರವಾರ ಆಯುಧಪೂಜೆ. ಹ್ಯಾಲೋವೀನಿಗೆಂದು ಅಂಗಡಿಗೆ ಬಂದಿದ್ದ ಕೇಸರಿ ಬಣ್ಣದ ಕುಂಬಳಕಾಯಿಯನ್ನೇ ಪಾರ್ಕಿಂಗ್ ಲಾಟಿನಲ್ಲಿ ಒಡೆದು, ನನ್ನ ಸಲಕರಣೆಗಳನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಇಟ್ಟು ಅರಿಶಿನ ಕುಂಕುಮ ಹಚ್ಚಿದ್ದೆ. ಸರಳೂ ಅಲ್ಲೇ ಇತ್ತು. ನಮ್ಮ ಮನೆಯಲ್ಲಿ ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನದವರೆಗೆ ಮುಟ್ಟುವಂತಿಲ್ಲ. ಮಾಲೀಕ ಹ್ಯಾರಿ ಅಂದು ನೆವಾಡಾಕ್ಕೆ ಹೋಗಿದ್ದ.

ನಾಲ್ಕು ಗಂಟೆಗೆ ಜಯರಾಮ ಬಂದ.

"ಅಣ್ಣ, ಹಾಲಿಸ್ಟರ್ ಬೇಟೆ ರಾಂಚಿನೋರು ನಾಳೇನೇ ಬನ್ನಿ ಅಂದವ್ರೆ. ಬಾಮೈದನ್ನೂ ಕರ್ಕೊಂಡೋಗ್ತಾ ಇದೀನಿ. ನಿಮ್ ಕೈಕೆಲ್ಸ ಅಂದ್ರೆ ಏನು ಅಂತ ಅವನೂ ನೋಡ್ಲಿ. ರೆಡಿ ಐತಾ?"

ಇಲ್ಲ ಎನ್ನಲು ನಾಲಿಗೆ ಏಳಲಿಲ್ಲ. ಎರಡು ಸಲ ಕಲ್ಲು ಉಜ್ಜಿದ್ದಕ್ಕೆ ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಪೂಜೆಯ ಸರಳನ್ನು ಮುಟ್ಟಲಿಲ್ಲ. ನನ್ನ ಪೆನ್ನೂ ಪೂಜೆಯಲ್ಲಿತ್ತು. ಜಯರಾಮನ ಜೇಬಿನ ಪೆನ್ನು ಇಸಿದುಕೊಂಡು ಕಾರ್ಡಿನಲ್ಲಿ ಐದು ಗುರುತು ಹಾಕಿ, ರಿವಾಲ್ವರನ್ನು ಅವನ ಕೈಗಿತ್ತೆ. ಮಡಿ ಕಾಪಾಡಿಕೊಂಡು ಸುಳ್ಳು ಬರೆದ ಆ ಭಂಡತನಕ್ಕೆ ಇಂದಿಗೂ ಮೈ ಉರಿಯುತ್ತದೆ.

ಶನಿವಾರ ಮೂರನೆಯ ಗುಂಡಿಗೆ ಸೀಸದ ಚೂರು ಸಿಡಿಯಿತು. ಜಯರಾಮನ ಎಡಕ್ಕೆ ನಿಂತಿದ್ದ ಬಾಮೈದ ಮಹೇಶನ ಬಲಗಣ್ಣಿಗೆ ಹೊಕ್ಕಿತು. ಆ ಕಣ್ಣಿನ ದೃಷ್ಟಿ ಮರಳುವುದಿಲ್ಲವೆಂದು ಡಾಕ್ಟರು ಹೇಳಿದರು.

ಸೋಮವಾರ ರಿವಾಲ್ವರ್ ವರ್ಕ್‌ಶಾಪಿಗೆ ಬಂತು. ಹ್ಯಾರಿ ಬರುವ ಮೊದಲೇ ಸರಳು ಇಳಿಬಿಟ್ಟೆ. ಮೂರನೆಯ ಗೂಡಿನ ಅಂಚಿನಲ್ಲಿ ನಿಂತುಬಿಟ್ಟಿತು. ತಿರುಗಿಸಿ ಮತ್ತೆ ಹಾಕಿದೆ, ಮತ್ತೆ ಅಲ್ಲೇ ನಿಂತಿತು.

ಹ್ಯಾರಿ ಬಂದವನೇ ಕಾರ್ಡು ನೋಡಿ ಕೇಳಿದ: "ಕೊನೆಗೆ ಸರಳು ಹಾಕಿ ನೋಡಿದೆಯಾ?"

"ನೋಡಿದೆ" ಎಂದೆ.

"ನೀನು ನೋಡಿದ್ದನ್ನು ನಾನು ಮತ್ತೆ ನೋಡುವುದಿಲ್ಲ. ಹಾಗಾದರೆ ತಪ್ಪು ಅವನ ತೋಟಾದ್ದೇ."

ಜಯರಾಮ ತನ್ನ ತೋಟಾಗಳಿಗೆ ತಾನೇ ಮದ್ದು ತುಂಬಿಕೊಳ್ಳುತ್ತಿದ್ದ. ಹೆಚ್ಚು ತುಂಬಿದ್ದಾನೆಂದು ಎಲ್ಲರೂ ನಂಬಿದರು, ಅವನೂ ನಂಬಿದ. ಹೆಂಡತಿ ಅವನೊಡನೆ ಮಾತು ಬಿಟ್ಟಳು. ಮಹೇಶ ಅವನ ಫೋನು ಎತ್ತಲಿಲ್ಲ. ಇದೆಲ್ಲ ನನ್ನ ಕಿವಿಗೆ ಬೀಳುತ್ತಿತ್ತು. ನಾನು ಬಾಯಿಗೆ ಬೀಗ ಹಾಕಿಕೊಂಡು ದಿನಾ ಕೆಲಸಕ್ಕೆ ಹೋಗಿಬಂದೆ.

ಆ ಸೋಮವಾರ ಕಳೆದು ಹನ್ನೊಂದನೆಯ ದಿನ ಜಯರಾಮ ಬಂದ. ಗಡ್ಡ ಬೆಳೆದಿತ್ತು, ಅಂಗಿ ಹೆಗಲ ಮೇಲೆ ಜೋತು ಬಿದ್ದಿತ್ತು.

"ಕ್ಷಮಿಸ್ಬುಡಿ ಅಣ್ಣ. ಏಳು ವಾರ ಕೂತು ಮಾಡ್ಕೊಟ್ರಿ. ನನ್ ದುರಾಸೆಗೆ ನಿಮ್ಗೂ ಕೆಟ್ಟ ಹೆಸ್ರು ತಂದೆ. ಆ ರಿವಾಲ್ವರ್‌ನ ಕತ್ತರಿಸಿ ಹಾಕ್ಬುಡಿ, ನನ್ ಕಣ್ಣಿಗೆ ಬೀಳ್ಬಾರ್ದು."

ಅವನು ನನ್ನ ಕೈ ಹಿಡಿದುಕೊಂಡಿದ್ದ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಹ್ಯಾರಿಯನ್ನೂ ಕರೆದೆ. ಸರಳನ್ನು ಜಯರಾಮನ ಕೈಗೇ ಕೊಟ್ಟು ಇಳಿಬಿಡಲು ಹೇಳಿದೆ. ಮೂರನೆಯದರಲ್ಲಿ ಅದು ನಿಂತಾಗ ನಡೆದದ್ದನ್ನೆಲ್ಲ ಹೇಳಿದೆ. ಹ್ಯಾರಿ ಕಾರ್ಡನ್ನು ಮಡಚಿ ಜೇಬಿಗೆ ಹಾಕಿಕೊಂಡ. ನನ್ನನ್ನು ಕೆಲಸದಿಂದ ತೆಗೆಯಲಿಲ್ಲ, ಆದರೆ ನಾನು ನಿವೃತ್ತನಾಗುವವರೆಗೆ ನನ್ನ ಪ್ರತಿಯೊಂದು ಕೆಲಸವನ್ನೂ ತಾನೇ ಮತ್ತೆ ಅಳೆದು ನೋಡಿದ.

ಜಯರಾಮ ಸರಳನ್ನು ಬೆಂಚಿನ ಮೇಲಿಟ್ಟ. "ನಾನು ಹೇಳಿದ್ರೆ ಮಹೇಶ ನಂಬಲ್ಲ. ನೀವೇ ಹೋಗಿ ಹೇಳಿ" ಎಂದ. ಅಣ್ಣ ಎನ್ನಲಿಲ್ಲ.

ಅಂದು ಸಂಜೆಯೇ ಫಾಸ್ಟರ್ ಸಿಟಿಯ ಅಪಾರ್ಟ್‌ಮೆಂಟಿಗೆ ಹೋದೆ. ಕಣ್ಣಿಗೆ ಪಟ್ಟಿ ಕಟ್ಟಿದ್ದ ಮಹೇಶ ಬಾಗಿಲು ತೆರೆದ. ಕೂರಲು ಹೇಳಲಿಲ್ಲ, ಕೂರುವ ಮುಖವೂ ನನಗಿರಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ.

"ಭಾವಂಗೆ ಯಾವಾಗ ಗೊತ್ತಾಯ್ತು?"

"ಇವತ್ತು."

"ನಿಮ್ಗೆ?"

"ಹನ್ನೊಂದು ದಿನ ಆಯ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಫೋನು ಕೈಗೆತ್ತಿಕೊಂಡ.

"ಭಾವ, ನಾನು. ಅಕ್ಕನ್ನೂ ಕರ್ಕೊಂಡು ಊಟಕ್ಕೆ ಬನ್ನಿ. ಇಲ್ಲ, ಈಗ್ಲೇ ಬನ್ನಿ. ಅಳ್ಬೇಡಿ ಭಾವ."

ಫೋನು ಇಟ್ಟು ನನ್ನ ಕಡೆ ತಿರುಗಿದ. "ನೀವಿನ್ನು ಹೊರಡಿ. ಅವರು ಬರೋ ಹೊತ್ತಿಗೆ ಇಲ್ಲಿರ್ಬೇಡಿ."

ಅಳತೆ ನೋಡಿದ ಮೇಲೆಯೇ ಗುರುತು ಹಾಕಬೇಕು ಎಂಬುದು ಅಪ್ರೆಂಟಿಸಿಗೂ ಗೊತ್ತಿರುವ ಪಾಠ. ನನ್ನ ಕಸುಬು ನನಗೆ ಕಲಿಸಿದ್ದು ಬೇರೆ. ಕೈತಪ್ಪಿಗೆ ಕ್ಷಮೆ ಕೇಳಬಹುದು, ಕೇಳಿದ್ದೇನೆ. ನನ್ನ ಪಾಪವನ್ನು ಇನ್ನೊಬ್ಬ ತನ್ನದೆಂದು ಹೊತ್ತು ತಿರುಗುತ್ತಿದ್ದಾಗ ಸುಮ್ಮನೆ ನೋಡುತ್ತ ಕಳೆದ ಆ ಹನ್ನೊಂದು ದಿನಗಳಿಗೆ ಏನೆಂದು ಕ್ಷಮೆ ಕೇಳುವುದೋ ನನಗೆ ಇನ್ನೂ ಗೊತ್ತಾಗಿಲ್ಲ.