ಸರ್ವರ್‌ಗೆ ಇಟ್ಟ ಕುಂಕುಮ

ದೇವನಹಳ್ಳಿಯ ಏರ್‌ಪೋರ್ಟ್ ಶುರುವಾದ ಹೊಸತರಲ್ಲಿ ನಾನು ದಾಬಸ್‌ಪೇಟೆಯ ಒಂದು ಗೋದಾಮಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ಯಂತ್ರದ ಬಿಡಿಭಾಗಗಳನ್ನು ವಿಮಾನದಲ್ಲಿ ಕಳಿಸುವ ಗೋದಾಮು ಅದು. ಇದ್ದದ್ದು ಒಂದೇ ಸರ್ವರ್. ಬೆಂಗಳೂರಿನ ಹೆಡ್ ಆಫೀಸಿನವರು ಕೂತಲ್ಲಿಂದಲೇ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಅದರೊಳಗೆ ಬಂದು ಸರಕಿನ ಕಾಗದ ತಯಾರು ಮಾಡಿದರೆ ಮಾತ್ರ ನಮ್ಮ ಲಾರಿ ಗೇಟು ದಾಟುತ್ತಿತ್ತು. ಇಷ್ಟಕ್ಕೇ ನಮ್ಮೂರು ಅರಿಶಿನಕುಂಟೆಯಲ್ಲಿ ನನ್ನನ್ನು ಎಂಜಿನಿಯರ್ ಎನ್ನುತ್ತಿದ್ದರು. ನಾನೂ ಬೇಡವೆನ್ನುತ್ತಿರಲಿಲ್ಲ.

ಆಯುಧಪೂಜೆ ಬಂತು. ನಮ್ಮ ಮನೆಯಲ್ಲಿ ಪೂಜೆಗೆ ಇಟ್ಟ ನೇಗಿಲು, ಕುಡುಗೋಲುಗಳನ್ನು ಆ ದಿನ ಯಾರೂ ಕೆಲಸಕ್ಕೆ ಮುಟ್ಟುವುದಿಲ್ಲ. ಸರ್ವರ್‌ಗೂ ಅದೇ ಮರ್ಯಾದೆ ಸಲ್ಲಲಿ ಅನಿಸಿತು. ಭಕ್ತಿ ಅರ್ಧ, ಸೋಮಾರಿತನ ಅರ್ಧ. ಹೆಡ್ ಆಫೀಸಿನವರು ಹಬ್ಬದ ದಿನವೂ ಒಳಗೆ ಬಂದು ಏನಾದರೂ ಕೆಡಿಸಿ ನನ್ನನ್ನು ಕರೆಸುವ ಪೈಕಿ. ಅದಕ್ಕೇ ಪೂಜೆಗೆ ಮುಂಚೆ ಸೆಟ್ಟಿಂಗ್‌ಗೆ ಹೋಗಿ, ಹೊರಗಿನಿಂದ ಯಾರೂ ಬಾರದಂತೆ ರಿಮೋಟ್ ಸಂಪರ್ಕ ಬಂದ್ ಮಾಡಿದೆ. ಒಂದು ಕ್ಲಿಕ್ಕಿನ ಕೆಲಸ.

ಗೋದಾಮು ಗುಡಿಸುವ ಅಕ್ಕ ಒಬ್ಬರಿದ್ದರು. ಅವರ ಕೈಗೆ ಸರ್ವರ್ ಇದ್ದ ಕೋಣೆಯ ಬೀಗದ ಕೈ ಕೊಟ್ಟು, "ಅಕ್ಕಾ, ಇದಕ್ಕೂ ಚೆನ್ನಾಗಿ ಪೂಜೆ ಮಾಡ್ಬಿಡಿ" ಎಂದೆ. ಅವರು ಒದ್ದೆ ಬಟ್ಟೆಯಲ್ಲಿ ಪೆಟ್ಟಿಗೆ ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ಕೈ ಮುಗಿದರು. ನಾನು ಊರಿಗೆ ಹೋಗಿ ಎರಡು ದಿನ ಒಬ್ಬಟ್ಟು ತಿಂದು ಎಲ್ಲವನ್ನೂ ಮರೆತೆ.

ಹಬ್ಬ ಮುಗಿಸಿ ಬಂದ ಬೆಳಿಗ್ಗೆ ಹೆಡ್ ಆಫೀಸಿನಿಂದ ಫೋನು. "ಒಳಗೇ ಬಿಡ್ತಾ ಇಲ್ಲ ಗುರು, ಏನ್ ಮಾಡಿಟ್ಟಿದ್ದೀಯ?" ಸರ್ವರ್ ಆನ್ ಆಗಿತ್ತು. ಪಕ್ಕದ ಕಂಪ್ಯೂಟರಿನಿಂದ ಪಿಂಗ್ ಮಾಡಿದರೆ, ಅಂದರೆ ಇದ್ದೀಯಾ ಎಂದು ಕೇಳಿದರೆ, ಇದ್ದೀನಿ ಎಂದು ಉತ್ತರವೂ ಬರುತ್ತಿತ್ತು. ಕೇಬಲ್ ಬದಲಿಸಿದೆ. ಫೈರ್‌ವಾಲ್ ನೋಡಿದೆ. ಎರಡು ಸಲ ರೀಸ್ಟಾರ್ಟ್ ಮಾಡಿದೆ. ಊಹೂಂ.

ಮ್ಯಾನೇಜರು ಬೆನ್ನ ಹಿಂದೆಯೇ ಬಂದು ನಿಂತರು. "ಏನಪ್ಪಾ, ಮಧ್ಯಾಹ್ನದೊಳಗೆ ಮಾಲು ಏರ್‌ಪೋರ್ಟ್ ಮುಟ್ಬೇಕು. ಯಾರ್ ಮಾಡಿದ್ದು ಇದು?"

ನನಗೆ ಬೆವರು ಕಿತ್ತುಕೊಂಡು ಬಂತು. ಪೆಟ್ಟಿಗೆಯ ಮೇಲೆ ಒಣಗಿದ ಕುಂಕುಮ ಕಂಡಿತು. "ಪೂಜೆ ಮಾಡೋವಾಗ ನೀರು ಹೋಗಿರ್ಬೇಕು ಸಾರ್" ಎಂದುಬಿಟ್ಟೆ. ನೀರು ಕುಡಿದ ಯಂತ್ರ ಹಾಗೆ ಚುರುಕಾಗಿ ಉತ್ತರ ಕೊಡುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಮ್ಯಾನೇಜರಿಗೆ ಗೊತ್ತಿರಲಿಲ್ಲ.

ಅವರು ನೇರ ಅಕ್ಕನ ಹತ್ತಿರ ಹೋದರು. "ಬಟ್ಟೆ ಹಿಂಡೇ ಒರೆಸ್ದೆ ಸ್ವಾಮಿ, ದೇವ್ರಾಣೆಗೂ" ಎಂದು ಅಕ್ಕ ಹೇಳುತ್ತಿದ್ದದ್ದು ನನಗೆ ಕೇಳಿಸಿತು. "ನಾಳೆಯಿಂದ ಬರ್ಬೇಡಮ್ಮ" ಎಂದು ಮ್ಯಾನೇಜರು ಅಂದದ್ದೂ ಕೇಳಿಸಿತು.

ಆಮೇಲೆ ಹತ್ತು ನಿಮಿಷವೂ ಆಗಲಿಲ್ಲ. ಇನ್ನೇನು ಉಳಿದಿದೆ ಎಂದು ಆ ಸೆಟ್ಟಿಂಗ್ ತೆರೆದೆ. ರಿಮೋಟ್ ಸಂಪರ್ಕ ಬಂದ್ ಆಗಿತ್ತು, ನಾನು ಮಾಡಿಟ್ಟ ಹಾಗೆಯೇ. ಕ್ಲಿಕ್ ಮಾಡಿದೆ. "ಬಂತು ಗುರು!" ಎಂದರು ಫೋನಿನಲ್ಲಿ. ಲಾರಿಗಳು ಹೊರಟವು.

"ಭೇಷ್ ಕಣಯ್ಯ, ಒಣಗಿಸ್ಬಿಟ್ಯಾ?" ಎಂದು ಮ್ಯಾನೇಜರು ಬೆನ್ನು ತಟ್ಟಿದರು.

"ಹೂಂ ಸಾರ್" ಎಂದೆ.

ಅಕ್ಕ ಇನ್ನೂ ಅಲ್ಲೇ ಇದ್ದರು, ಊಟದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ನಡುವೆ ಹತ್ತು ಹೆಜ್ಜೆ. ನಿಜ ಹೇಳಿದ್ದರೆ ನನ್ನ ಕೆಲಸ ಹೋಗುತ್ತಿರಲಿಲ್ಲ, ಒಂದಿಷ್ಟು ಬೈಗುಳ ಬೀಳುತ್ತಿತ್ತು, ಅಷ್ಟೆ. ಆ ಬೈಗುಳಕ್ಕೆ ಹೆದರಿ ನಾನು ಕುರ್ಚಿಯಿಂದ ಏಳಲಿಲ್ಲ. ಇವತ್ತಿಗೂ ನನಗೆ ನಾಚಿಕೆಯಾಗುವುದು ಅದಕ್ಕೇ.

ಕೆಲವು ತಿಂಗಳ ನಂತರ ನೆಲಮಂಗಲದ ಬಸ್ ಸ್ಟ್ಯಾಂಡಿನಲ್ಲಿ ಅವರು ಸಿಕ್ಕರು. ನಾನು ಮುಖ ತಿರುಗಿಸುವಷ್ಟರಲ್ಲಿ ಅವರೇ ಹತ್ತಿರ ಬಂದರು.

"ಸ್ವಾಮಿ, ಆ ಪೆಟ್ಗೆ ಉಳ್ಕಂತಾ?"

"ಉಳ್ಕೊಂತು ಅಕ್ಕ."

"ಸದ್ಯ! ಅವತ್ತಿಂದ ಮನೇಲಿ ಟೀವಿ ಒರೆಸೋಕೂ ಭಯ ನಂಗೆ. ನನ್ನಿಂದ ನಿಮ್ಗೆ ತೊಂದ್ರೆ ಆಗೋಯ್ತು. ಮನ್ಸಲ್ಲಿ ಇಟ್ಕೋಬೇಡಿ."

ಹೇಳುವ ಮಾತು ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಅವರ ಬಸ್ಸು ಬಂತು.

"ಪರವಾಗಿಲ್ಲ ಬಿಡಿ ಅಕ್ಕ" ಎಂದೆ, ನಾನೇ ಕ್ಷಮಿಸುವವನ ಹಾಗೆ.