ಮೂರು ಕಂಪನಿ, ಒಂದು ಕಿವಿ

ಚಪ್ಪಲಿ ಕೊಳ್ಳುವಾಗ ಅಂಗಡಿಯಲ್ಲೇ ನಾಲ್ಕು ಹೆಜ್ಜೆ ನಡೆದು ನೋಡಬಹುದು. ಕಲ್ಲಂಗಡಿಯನ್ನು ಬೆರಳಲ್ಲಿ ಬಡಿದು ನೋಡಬಹುದು. ಕಿವಿ ಕೊಳ್ಳಲು ಹೊರಟವನಿಗೆ ಆ ಸೌಕರ್ಯವಿಲ್ಲ. ತಲೆಬುರುಡೆ ಕೊರೆದು ಕಾಕ್ಲಿಯರ್ ಇಂಪ್ಲಾಂಟ್ ಎಂಬ ಕಿವಿಯಂತ್ರ ಕೂರಿಸಿದ ಮೇಲೆ ‘ಇದು ಬೇಡ, ಆ ಕಡೆಯದು ತೋರಿಸಿ’ ಎನ್ನುವಂತಿಲ್ಲ. ಆದರೂ ಯಾವುದು ಬೇಕೆಂದು ನಾನೇ ಆರಿಸಬೇಕಂತೆ. ಡಾಕ್ಟರು ಮೂರು ಕಂಪನಿಗಳ ಬಣ್ಣದ ಪುಸ್ತಿಕೆಗಳನ್ನು ಕೈಗಿಟ್ಟು ನಕ್ಕರು.

ಬಾಲಾನಗರದ ಕಾರ್ಖಾನೆಯೊಂದರಲ್ಲಿ ತಗಡು ಬಡಿಯುವ ಯಂತ್ರಗಳ ನಡುವೆ ದುಡಿದ ನನ್ನ ಕಿವಿಗಳು ನನಗಿಂತ ಮೊದಲೇ ನಿವೃತ್ತಿ ಪಡೆದಿದ್ದವು. ಹಿಯರಿಂಗ್ ಏಡ್ ಹಾಕಿದರೂ ಕೂಗಿದ್ದಷ್ಟೇ ತಲುಪುತ್ತಿತ್ತು. ಇದರಿಂದ ಲಾಭವೂ ಇತ್ತೆನ್ನಿ. ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಸಭೆಗಳಲ್ಲಿ ನನ್ನಷ್ಟು ಶಾಂತಚಿತ್ತ ಇನ್ನೊಬ್ಬನಿರಲಿಲ್ಲ. ನಷ್ಟ ಒಂದೇ: ನನ್ನ ಹೆಂಡತಿ ಶಾಂತಾ ಮಾತು ಕಡಿಮೆ ಮಾಡಿದ್ದಳು. ಸಿಟ್ಟಿನಿಂದಲ್ಲ. ‘ಗ್ಯಾಸ್ ಮುಗದೈತಿ’ ಎಂದು ಕೂಗಬಹುದು, ‘ಯಾರೋ ಬಂದಾರ’ ಎಂದು ಕೂಗಬಹುದು. ಎದುರು ಮನೆಯಾಕೆಯ ಹೊಸ ಸೀರೆ ಬಣ್ಣ ಬಿಟ್ಟಿತು ಎಂಬುದನ್ನು ಮೂರು ಮಹಡಿಗೆ ಕೇಳುವಂತೆ ಕೂಗಲಾದೀತೆ? ಹೀಗೆ ನಮ್ಮ ಮನೆಯಲ್ಲಿ ಸಣ್ಣ ಮಾತುಗಳು ಸತ್ತು ಸರಕಾರಿ ಪ್ರಕಟಣೆಗಳಷ್ಟೇ ಉಳಿದಿದ್ದವು. ನನಗೆ ಅವೇ ಬೇಕಾಗಿದ್ದವು, ಆ ಸಣ್ಣ ಮಾತುಗಳು.

ಪುಸ್ತಿಕೆಗಳಲ್ಲಿ ಅವುಗಳ ಸುದ್ದಿಯೇ ಇಲ್ಲ. ಒಂದು ಯಂತ್ರ ಈಜಾಡಿದರೂ ಕೆಡದು; ನನಗೆ ಈಜು ಬಾರದು. ಇನ್ನೊಂದರ ಬ್ಯಾಟರಿ ದೀರ್ಘಾಯುಷಿ. ಮತ್ತೊಂದು ನಿಮ್ಮ ಕೂದಲ ಬಣ್ಣಕ್ಕೇ ಹೊಂದುತ್ತದಂತೆ. ಯಾವ ಕೂದಲು? ಡೈ ಹಾಕಿದ ವಾರದ್ದೋ, ಅದರ ಮುಂದಿನ ತಿಂಗಳದ್ದೋ?

ಹಾಕಿಸಿಕೊಂಡವರನ್ನೇ ಕೇಳಿ ಎಂದರು ಡಾಕ್ಟರು. ಮೂರು ಮನೆಗೆ ಹೋದೆವು. ಪ್ರತಿಯೊಬ್ಬರೂ ತಮ್ಮದೇ ಶ್ರೇಷ್ಠ ಎಂದರು. ಒಂದನ್ನೇ ಕಂಡವರು ಬೇರೇನು ಹೇಳಿಯಾರು? ನನ್ನ ಸೋದರಮಾವಂದಿರೂ ತಂತಮ್ಮ ಮದುವೆಯ ಬಗ್ಗೆ ಇದೇ ಧಾಟಿಯಲ್ಲಿ ಮಾತಾಡುತ್ತಿದ್ದರು. ನಾವು ಗಂಡಸರು ಫೋನಿನಲ್ಲಿ ಬರೆದು ತೋರಿಸುತ್ತ ಬ್ಯಾಟರಿ ಚರ್ಚಿಸುವಾಗ ಶಾಂತಾ ಅಡುಗೆಮನೆ ಹೊಕ್ಕು ಆ ಮನೆಯಾಕೆಯನ್ನು ಈ ಊರಿನ ತೆಲುಗಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದಳಂತೆ: ಮೆಲ್ಲಗೆ ಆಡಿದ್ದು ಇವರಿಗೆ ಕೇಳಿಸುತ್ತದೆಯೇ? ಮೂವರ ಉತ್ತರವೂ ಒಂದೇ. ಕೇಳಿಸುತ್ತದೆ, ಮನಸ್ಸಿದ್ದರೆ.

ಕೊನೆಗೆ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷಿಸುವ ಆಡಿಯಾಲಜಿಸ್ಟ್ ನನ್ನ ಮೀನಮೇಷಕ್ಕೆ ಬೇಸತ್ತು ಬರೆದು ತೋರಿಸಿದಳು: ಮೂರೂ ಒಳ್ಳೆಯವೇ, ಅಂಕಲ್. ಯಂತ್ರ ಸದ್ದು ಕೊಡುತ್ತದೆ. ಅದು ಮಾತಾಗಲು ಅಭ್ಯಾಸ ಬೇಕು. ಮನೆಯಲ್ಲಿ ದಿನವೂ ನಿಮ್ಮ ಜೊತೆ ಮಾತಾಡುವವರು ಯಾರು?

ನಾನು ಶಾಂತಾಳ ಮುಖ ನೋಡಿದೆ. ‘ನಾ ಅದೀನಲ್ರಿ’ ಎಂದು ಅವಳ ತುಟಿ ಅಲುಗಿತು. ಆಮೇಲೆ ಆಯ್ಕೆ ಸುಲಭವಾಯಿತು. ಯಾರ ಸರ್ವಿಸ್ ಸೆಂಟರು ಮೆಟ್ರೋ ಇಳಿದು ನಡೆಯುವಷ್ಟು ಹತ್ತಿರವೋ ಅವರಿಗೆ ತಲೆ ಒಪ್ಪಿಸಿದೆ. ಬಣ್ಣ ಬಿಳಿ.

ಯಂತ್ರ ಚಾಲೂ ಮಾಡಿದ ಹೊಸದರಲ್ಲಿ ಜಗತ್ತೆಲ್ಲ ತಗಡಿನ ಡಬ್ಬಿಯೊಳಗಿಂದ ಮಾತಾಡುತ್ತಿತ್ತು. ಶಾಂತಾ ಪಟ್ಟು ಬಿಡದೆ ಮಾತಾಡಿದಳು. ಒಂದು ಸಂಜೆ ಚವಳಿಕಾಯಿ, ಅಂದರೆ ಗೋರಿಕಾಯಿ, ಸೋಸಿ ನಾರು ತೆಗೆಯುತ್ತ, ತಲೆ ಎತ್ತದೆ ಏನೋ ಅಂದಳು. ‘ಏನು?’ ಎಂದೆ. ಮೊದಲಾಗಿದ್ದರೆ ‘ಏನಿಲ್ಲ ಬಿಡ್ರಿ’ ಎಂದು ಅಲ್ಲಿಗೇ ಮುಗಿಯುತ್ತಿತ್ತು. ಅವಳು ದನಿ ಏರಿಸದೆ ಮತ್ತೆ ಹೇಳಿದಳು.

“ಚವಳಿಕಾಯಿ ಭಾಳ ಬಲತಾವ್ರಿ.”

ಇದಕ್ಕಿಂತ ಕ್ಷುಲ್ಲಕ ಮಾತು ನಮ್ಮ ಮನೆಯಲ್ಲಿ ಹುಟ್ಟಿ ಎಷ್ಟು ಕಾಲವಾಗಿತ್ತೋ. ಚೆನ್ನಾಗಿಯೇ ಕೇಳಿಸಿತ್ತು. ಆದರೂ ‘ಇನ್ನೊಮ್ಮೆ ಹೇಳು’ ಅಂದೆ.